ತಡಿಕೆಯಾಚೆಯ ಇಂಗ್ಲಿಷು

ನಮ್ಮ ಶಾಲೆಯಲ್ಲಿ ಆಗ ಎಲ್ಲ ಕ್ಲಾಸುಗಳಿಗೂ ಗೋಡೆ ಇರಲಿಲ್ಲ. ಹಿಂದೆ ಯಾರೋ ದೊಡ್ಡವರ ಬಂಗಲೆಯಾಗಿದ್ದ ಕಟ್ಟಡ ಅದು. ಅವರು ಔತಣಕ್ಕೆಂದು ಇಟ್ಟುಕೊಂಡಿದ್ದ ಉದ್ದನೆಯ ಹಜಾರಕ್ಕೆ ನಡುವೆ ಬಿದಿರಿನ ತಡಿಕೆ ನಿಲ್ಲಿಸಿ, ತಡಿಕೆಗೆ ಮರದ ಚೌಕಟ್ಟು ಹೊಡೆದು, ಸುಣ್ಣ ಬಳಿದು, ಎರಡು ಕ್ಲಾಸು ಎಂದು ಕರೆದಿದ್ದರು. ಒಂದರಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ, ಇನ್ನೊಂದರಲ್ಲಿ ನಾನು ಮುಂದೆ ಅಕ್ಕ ಎಂದು ಕರೆದ ಟೀಚರು. ಹುಡುಗಿಯರ ಕಡೆ ಮುಖ ಮಾಡಿ ನಿಂತರೆ ತಡಿಕೆ ನನಗೆ ಬಲಕ್ಕೆ, ಅವರಿಗೆ ಎಡಕ್ಕೆ.

ಈಗ ಅಲ್ಲಿ ಇಟ್ಟಿಗೆ ಗೋಡೆ ಇದೆ. ಗಾರೆ ಮಾಡಿ ಎದೆಮಟ್ಟದವರೆಗೆ ಹಸಿರು ಬಣ್ಣ ಹೊಡೆದಿದ್ದಾರೆ. ಒಳ್ಳೆಯ ಗೋಡೆ. ಪಕ್ಕದ ಕ್ಲಾಸಿನ ಒಂದು ಮಾತೂ ಈಚೆ ಬರುವುದಿಲ್ಲ. ಹೊಸ ಟೀಚರುಗಳು ಇದನ್ನು ದೊಡ್ಡ ಅನುಕೂಲ ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ.

ನಾನು ಬಿ.ಎ. ಪಾಸು ಮಾಡಿದವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಗಂಡಸರು ಕೂಡ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಅಪ್ಪನಿಗೆ ಸಂತೆಪೇಟೆಯಲ್ಲಿ ಬೆಲ್ಲದ ಅಂಗಡಿ. ನಾನು ಸಣ್ಣವಳಿದ್ದಾಗ ಸಿಡುಬು ಬಂದು ಮುಖದ ತುಂಬ ಕಲೆ ಉಳಿಯಿತು. ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು, ಕೈ ತೊಳೆದು, ಆಮೇಲೆ ಹೇಳಿಕಳಿಸುತ್ತೇವೆ ಎಂದು ಹೋಗುತ್ತಿದ್ದರು. ಯಾರೂ ಹೇಳಿಕಳಿಸಲಿಲ್ಲ. ಒಂದು ದಿನ ಅಪ್ಪ ಅಂಗಡಿಯಿಂದ ಬಂದವರೇ ಅವ್ವನಿಗೆ, "ಇನ್ಮೇಲೆ ಯಾರ್ಗೂ ಅವಲಕ್ಕಿ ನೆನೆಸ್ಬೇಡ. ಅವಳು ಓದ್ಲಿ" ಎಂದರು. ಬೀದಿಯವರು ಸುಮ್ಮನಿರಲಿಲ್ಲ. ಮಠಕ್ಕೆ ಹೋದಾಗ ಒಬ್ಬರು, "ಏನಪ್ಪಾ, ಮಗಳು ಓದಿ ಅಮಲ್ದಾರಿಕೆ ಮಾಡ್ತಾಳಾ?" ಎಂದು ಕೇಳಿದ್ದರಂತೆ. ಅಪ್ಪ, "ಮಾಡಿದ್ರೆ ನಿನ್ನ ಹಳೇ ಕಂದಾಯಾನೇ ಮೊದ್ಲು ವಸೂಲಿ ಮಾಡ್ತಾಳೆ ಬುಡು" ಎಂದರಂತೆ.

ಪದವಿ ಕೊಡುವ ದಿನ ಅಪ್ಪ ಹೊಸ ರುಮಾಲು ಸುತ್ತಿಕೊಂಡು ನನ್ನ ಜೊತೆಗೇ ಬಂದು, ಸಭಾಂಗಣದ ಹೊರಗೆ ಮರದ ಕೆಳಗೆ ನಿಂತುಬಿಟ್ಟರು. ಯಾರೂ ಅವರನ್ನು ತಡೆದಿರಲಿಲ್ಲ. ಒಳಗೆ ಬಿಡುವುದಿಲ್ಲವೆಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಮನೆಗೆ ಬಂದ ಮೇಲೆ ಆ ಕಾಗದವನ್ನು ದೇವರ ಮುಂದಿಟ್ಟು, ಅದರ ಮೂಲೆಗೆ ವಿಭೂತಿ ಹಚ್ಚಿದರು. ಆ ಬೆರಳಿನ ಗುರುತು ಈಗಲೂ ಅದರ ಮೇಲಿದೆ.

ಇಷ್ಟೆಲ್ಲ ಆದರೂ ನನಗೆ ಇಂಗ್ಲಿಷ್ ಮಾತಾಡಲು ಬರುತ್ತಿರಲಿಲ್ಲ. ಓದುತ್ತಿದ್ದೆ, ಬರೆಯುತ್ತಿದ್ದೆ, ಎಂಥ ಸಿಕ್ಕು ಬಿದ್ದ ವಾಕ್ಯವನ್ನಾದರೂ ಬಿಡಿಸಿ ಕೊಡುತ್ತಿದ್ದೆ. ಆದರೆ ಕಾಲೇಜಿನಲ್ಲಿ ನಮ್ಮ ಬಾಯಿಂದ ಇಂಗ್ಲಿಷ್ ಹೊರಡುತ್ತಿದ್ದುದು ಹಾಜರಿ ಕೂಗಿದಾಗ ಮಾತ್ರ. ಬೋಧಕರು ಮೇಲೆ ನಿಂತು ಹೇಳುತ್ತಿದ್ದರು, ನಾವು ಕೆಳಗೆ ಕೂತು ಬರೆದುಕೊಳ್ಳುತ್ತಿದ್ದೆವು. ಶಾಲೆಗೆ ಸೇರಿದ ಮೇಲೆ ನಾನೂ ಹಾಗೇ ಪಾಠ ಮಾಡಿದೆ. ಪುಸ್ತಕದ ಒಂದು ಸಾಲು ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಹುಡುಗಿಯರು ಎರಡನ್ನೂ ಬಾಯಿಪಾಠ ಮಾಡುವುದು. ಎಲ್ಲರೂ ಮಾಡುತ್ತಿದ್ದುದೂ ಅದನ್ನೇ.

ಅಷ್ಟರಲ್ಲಿ ಹೊಸ ಕ್ರಮ ಬಂತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಕನ್ನಡ ಬಳಸಬಾರದು, ವಸ್ತು ತೋರಿಸಬೇಕು, ಕೆಲಸ ಮಾಡುತ್ತಾ ಮಾತು ಹೇಳಬೇಕು ಎಂದು ಇಲಾಖೆಯ ಆಜ್ಞೆಯಾಯಿತು. ಬಾಗಿಲು ತೆರೆಯುತ್ತಾ, ನಾನು ಬಾಗಿಲು ತೆರೆಯುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಮೊದಲ ದಿನ ನಾನು ಹುಡುಗಿಯರ ಮುಂದೆ ಹಾಗೆ ಬಾಗಿಲು ತೆರೆದೆ. ಬಾಗಿಲು ಸಲೀಸಾಗಿ ತೆರೆಯಿತು. ಬಾಯಿ ತೆರೆಯಲು ಹೊತ್ತಾಯಿತು. ಹೇಗೋ ವಾಕ್ಯ ಮುಗಿಸಿದಾಗ ಬಲಗಡೆಯ ತಡಿಕೆಯ ಚೌಕಟ್ಟಿನ ಮೇಲೆ ಯಾರೋ ಗೆಣ್ಣಿನಿಂದ ತಟ್ಟಿದರು.

ಗಂಟೆ ಹೊಡೆದ ಮೇಲೆ ಜಗಲಿಯಲ್ಲಿ ಪಕ್ಕದ ಕ್ಲಾಸಿನ ಟೀಚರು ಸಿಕ್ಕರು. ಅಲ್ಲಿಯವರೆಗೆ ನಮ್ಮ ನಡುವೆ ನಮಸ್ಕಾರ ಬಿಟ್ಟರೆ ಮಾತಿರಲಿಲ್ಲ. ನನಗಿಂತ ಕೆಲವು ವರ್ಷ ದೊಡ್ಡವರು, ಕ್ಯಾಥೊಲಿಕ್ ಮನೆತನದವರು. ಮೂರು ತಲೆಮಾರಿನಿಂದ ಚರ್ಚಿನ ಹಿಂದಿನ ಬೀದಿಯಲ್ಲೇ ಅವರ ಮನೆ. ತಂದೆ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವರು, ತೀರಿಹೋಗಿದ್ದರು. ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಬೆಳೆದಿದ್ದರಿಂದ ಇಂಗ್ಲಿಷ್ ಅವರ ಬಾಯಲ್ಲಿ ನೀರು ಹರಿದ ಹಾಗೆ ಹರಿಯುತ್ತಿತ್ತು. ಆದರೆ ಪರೀಕ್ಷೆ ಯಾವುದೂ ಪೂರ್ತಿ ಆಗಿರಲಿಲ್ಲ.

"ಏನ್ ಬಿ.ಎ. ಅಮ್ಮಾವ್ರೇ, ಬೇಜಾರಾಯ್ತಾ?" ಎಂದರು.

"ತಟ್ಟಿದ್ದು ನೀವಾ?"

"ನಾನಲ್ದೆ ಹೆಗ್ಗಣ ತಟ್ತದಾ? ತಡ್ಕೊಳಾಕಾಗ್ಲಿಲ್ಲ ಕಣ್ರೀ. ನೀವು ಇಂಗ್ಲಿಷನ್ನ ತೂಗಿ ತೂಗಿ ಹಾಕ್ತಿದ್ರಿ. ಎಲ್ಲಾ ಮಾತ್ಗೂ ಒಂದೇ ತೂಕ. ನಿಮ್ಮ ತಂದೆಯವರ ಅಂಗಡೀಲಿ ನ್ಯಾಯವಾದ ತಕ್ಕಡಿ ಅಂತ ನಾನೂ ಕೇಳಿದ್ದೀನಿ. ಆದ್ರೆ ಇಂಗ್ಲಿಷು ಅಂಗಲ್ಲ. ಒಂದು ಮಾತನ್ನ ಎತ್ತಿ ಹಿಡೀತದೆ, ಇನ್ನೊಂದನ್ನ ನುಂಗ್ಕೊಂಡ್ಬುಡ್ತದೆ. ಮೋಸದ ಯಾಪಾರ ಅದು."

ನನಗೆ ಸಿಟ್ಟು ಬಂತು. ಪದವಿ ಇಲ್ಲದವರು ನನ್ನ ತಕ್ಕಡಿಯ ಮಾತಾಡುವುದೇ ಎಂದುಕೊಂಡು ಹೊರಟುಬಿಟ್ಟೆ. ಆದರೆ ಮನೆ ತಲುಪುವಷ್ಟರಲ್ಲಿ ದಾರಿಯುದ್ದಕ್ಕೂ ಆ ಬಾಗಿಲಿನ ವಾಕ್ಯವನ್ನು ಹೇಳಿಕೊಂಡು ಬಂದಿದ್ದೆ, ಒಂದು ಮಾತನ್ನು ಎತ್ತಿ, ಇನ್ನೊಂದನ್ನು ನುಂಗಿ. ಮಾರನೆಯ ದಿನ ಕ್ಲಾಸಿನಲ್ಲಿ ಅದನ್ನೇ ಹೇಳಿ, ಒಂದು ಗಳಿಗೆ ನಿಂತು, ಬಲಗಡೆಗೆ ನೋಡಿದೆ. ತಡಿಕೆ ಸುಮ್ಮನಿತ್ತು. ಸರಿಯಾಗಿದೆ ಎಂದು ಅರ್ಥ ಮಾಡಿಕೊಂಡೆ.

ಅಲ್ಲಿಂದ ಅದು ಕಟ್ಟಳೆಯಾಯಿತು. ತಟ್ಟಿದರೆ ಇನ್ನೊಮ್ಮೆ ಹೇಳಬೇಕು. ಸದ್ದಿಲ್ಲದಿದ್ದರೆ ಸರಿ.

ಸ್ವಲ್ಪ ದಿನಕ್ಕೆ ನಾನೂ ತಟ್ಟಲು ಶುರು ಮಾಡಿದೆ. ಅವರ ಕಿವಿ ಚೆನ್ನಾಗಿತ್ತು, ಆದರೆ ಏಕೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಹುಡುಗಿಯರು ಕೇಳಿದರೆ, "ಕೇಳಿಸ್ಕೊಳ್ರಮ್ಮ, ಕಿವೀಗೆ ಗೊತ್ತಾಗ್ತದೆ" ಅನ್ನುತ್ತಿದ್ದರು. ಬೋರ್ಡಿನ ಮೇಲೆ ಬರೆಯುವಾಗಂತೂ ಬಾಯಿಗೆ ಬಂದದ್ದನ್ನೇ ಬರೆದುಬಿಡುತ್ತಿದ್ದರು. ಬರೆದದ್ದನ್ನು ಅವರು ಗಟ್ಟಿಯಾಗಿ ಓದುತ್ತಿದ್ದುದರಿಂದ ನನಗೆ ಈಚೆಗೆ ತಿಳಿಯುತ್ತಿತ್ತು, ತಟ್ಟುತ್ತಿದ್ದೆ. ಅವರೂ ಒಂದು ವಾಕ್ಯ ಹೇಳಿ ನಿಲ್ಲಿಸಿ, ಎಡಗಡೆಗೆ ಕಿವಿ ಕೊಡುವುದನ್ನು ಕಲಿತರು. ನಮ್ಮ ಹುಡುಗಿಯರು ಮೊದಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಆಮೇಲೆ ಅವರಿಗೂ ಅಭ್ಯಾಸವಾಯಿತು. ನಾವು ನಿಂತಾಗ ಅವರೂ ನಿಂತು ಕಾಯುತ್ತಿದ್ದರು.

ಸಂಜೆ ಚಿಕ್ಕ ಗಡಿಯಾರದ ಕಂಬದವರೆಗೆ ನಮ್ಮಿಬ್ಬರದೂ ಒಂದೇ ದಾರಿ. ಅಲ್ಲಿಯವರೆಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದೆಂದು ಅವರು ನಿಯಮ ಹಾಕಿದರು. ನಾನು ಮಾರ್ಕೆಟ್ಟಿನ ಮುಂದೆ ಬದನೆಕಾಯಿ ನೋಡಿ ಇಂಗ್ಲಿಷಿನಲ್ಲಿ ವರ್ಣಿಸಬೇಕು, ಜಟಕಾ ಕುದುರೆ ನೋಡಿ ಅದರ ಬಣ್ಣ ಹೇಳಬೇಕು. ಒಂದು ದಿನ ಜಟಕಾ ಸಾಬರು ನಮ್ಮನ್ನು ನೋಡಿ, "ಯಾವೂರ ದೊರೆಸಾನಿಗಳವ್ವ ನೀವು?" ಎಂದು ಕೇಳಿದರು.

ಅವರು ತಟ್ಟನೆ ಕನ್ನಡಕ್ಕೆ ಇಳಿದು, "ಈವಮ್ಮ ಸಂತೆಪೇಟೆ ದೊರೆಸಾನಿ, ನಾನು ಚರ್ಚ್ ಹಿಂದ್ಗಡೆ ದೊರೆಸಾನಿ. ನಿಮ್ ಕುದ್ರೆ ಬಣ್ಣ ಈವಮ್ಮಂಗೆ ಇನ್ನೂ ಬಂದಿಲ್ಲ, ಒಂದ್ಗಳಿಗೆ ನಿಲ್ಸಿ" ಎಂದರು. ಸಾಬರು ನಿಜವಾಗಿಯೂ ನಿಲ್ಲಿಸಿದರು. ನಾನು ಬೀದಿಯ ನಡುವೆ ನಿಂತು ಕುದುರೆಯ ಬಣ್ಣ ಹೇಳಿದೆ.

ಗಡಿಯಾರದ ಕಟ್ಟೆ ಬಂದ ಮೇಲೆ ನನ್ನ ಸರದಿ. ಅವರು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಬೇಕೆಂದಿದ್ದರು. ಅದಕ್ಕೆ ಬೇಕಾದ ವ್ಯಾಕರಣವನ್ನು, ಪುಸ್ತಕದ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುವುದನ್ನು ನಾನು ಹೇಳಿಕೊಡುತ್ತಿದ್ದೆ. ಅವರಿಗೆ ಪುಸ್ತಕದ ಕನ್ನಡ ಕಂಡರೆ ಭಯ. "ಈ ಕನ್ನಡ ಯಾರ ಮನೇಲಿ ಮಾತಾಡ್ತಾರಮ್ಮ?" ಅನ್ನುವರು. ನಾನು ಅಕ್ಕ ಅನ್ನಲು ಶುರು ಮಾಡಿದ್ದು ಯಾವಾಗ, ಅವರು ನನ್ನನ್ನು ನೀನು ಅನ್ನಲು ಶುರು ಮಾಡಿದ್ದು ಯಾವಾಗ ಎಂದು ನೆನಪಿಲ್ಲ. ಕ್ರಿಸ್ತ ಜಯಂತಿಗೆ ಒಂದು ಡಬ್ಬಿ ತಿಂಡಿ ತಂದುಕೊಟ್ಟು, "ಮೊಟ್ಟೆ ಮುಟ್ಟಿಸಿಲ್ಲ ಕಣಮ್ಮ, ನಿಮ್ ಶಿವನಾಣೆ" ಎಂದರು. ಅವ್ವ ಡಬ್ಬಿಯನ್ನು ಎರಡು ದಿನ ಹೊರಗಿನ ಗೂಡಿನಲ್ಲಿಟ್ಟು, ಮೂರನೆಯ ದಿನ ತಾನೇ ಒಂದು ತುಂಡು ತಿಂದು ನೋಡಿ, ಡಬ್ಬಿ ತುಂಬ ಬೆಲ್ಲ ಹಾಕಿ ವಾಪಸು ಕಳಿಸಿದಳು.

ಆ ಕಾಲದಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಊರಿನ ಇಂಗ್ಲಿಷ್ ಮೇಷ್ಟ್ರುಗಳ ಸಭೆ ಸೇರುತ್ತಿತ್ತು. ಒಬ್ಬರು ಮಕ್ಕಳನ್ನು ಕರೆತಂದು ಎಲ್ಲರೆದುರು ಮಾದರಿ ಪಾಠ ಮಾಡುವುದು, ಮಿಕ್ಕವರು ಕೇಳಿ ಟೀಕೆ ಹೇಳುವುದು ರೂಢಿ. ಟೀಕೆಗೊಂದು ಕಟ್ಟಳೆಯಿತ್ತು. ಯಾರು ತಪ್ಪು ಹೇಳುತ್ತಾರೋ ಅವರೇ ಎದ್ದು ಬಂದು ಆ ತುಂಡು ಪಾಠವನ್ನು ಮಾಡಿ ತೋರಿಸಬೇಕು. ಹಾಗಾಗಿ ಹೆಚ್ಚಿನವರು ಹೊಗಳಿ ಕೂತುಬಿಡುತ್ತಿದ್ದರು. ಗಂಡಸರಿಗೆ ಕುರ್ಚಿ, ನಮಗೆ ಹಿಂದುಗಡೆಯ ಬೆಂಚು. ಒಮ್ಮೆ ಒಬ್ಬ ಹಿರಿಯ ಮೇಷ್ಟ್ರು, ಉಪಾಧ್ಯಾಯರು ಕ್ಲಾಸಿನಲ್ಲಿ ಕಡಿಮೆ ಮಾತಾಡಬೇಕು ಎಂಬ ವಿಷಯದ ಮೇಲೆ ಕಾಫಿ ಆರಿಹೋಗುವವರೆಗೆ ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಅಕ್ಕ ನನ್ನ ಕಿವಿಯಲ್ಲಿ, "ಯಾರಾದ್ರೂ ತಡಿಕೆ ತಟ್ರಮ್ಮ" ಎಂದರು. ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ.

ನಗುತ್ತಿದ್ದೆವು ನಿಜ. ಆದರೆ ಆ ಸಭೆಗಳಿಂದ ನಾವಿಬ್ಬರೂ ಏನಾದರೊಂದು ಎತ್ತಿಕೊಂಡೇ ಬರುತ್ತಿದ್ದೆವು. ಒಬ್ಬರು ಹಗ್ಗಕ್ಕೆ ಗಂಟು ಹಾಕಿ ಆದದ್ದು, ಆಗುತ್ತಿರುವುದು, ಆಗಬೇಕಾದದ್ದು ತೋರಿಸಿದ್ದರು. ಇನ್ನೊಬ್ಬರು ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ ವಾಕ್ಯ ಕಟ್ಟಿಸಿದ್ದರು. ಸೋಮವಾರ ಆ ಹಗ್ಗ ತಡಿಕೆಯ ಈಚೆಯೂ ಇರುತ್ತಿತ್ತು, ಆಚೆಯೂ ಇರುತ್ತಿತ್ತು. ಯಾರು ಚೆನ್ನಾಗಿ ಮಾಡಿದೆವು ಎಂದು ಗಡಿಯಾರದವರೆಗೆ ಜಗಳ.

ಒಂದು ದಿನ ಹೆಡ್‌ಮಿಸ್ಟ್ರೆಸ್ಸು ನಮ್ಮಿಬ್ಬರನ್ನೂ ಕರೆದರು. ಖಾರದ ಬಾಯಿ, ಆದರೆ ಸುಳ್ಳು ಹೇಳುತ್ತಿದ್ದವರಲ್ಲ.

"ಇನ್ಸ್‌ಪೆಕ್ಟರಮ್ಮ ಬರ್ತಿದ್ದಾರೆ. ಮೇಲಿನ ಕ್ಲಾಸುಗಳಿಗೆ ಯಾರು ಇಂಗ್ಲಿಷ್ ಹೇಳ್ಬೇಕು ಅಂತ ತೀರ್ಮಾನ ಮಾಡ್ತಾರಂತೆ. ಒಬ್ರಿಗೆ ಪದವಿ ಇದೆ, ಬಾಯಿಲ್ಲ. ಇನ್ನೊಬ್ರಿಗೆ ಬಾಯಿದೆ, ಪದವಿ ಇಲ್ಲ. ಇಬ್ರೂ ಸೇರಿದ್ರೆ ಒಬ್ಬ ಟೀಚರಾಗ್ತೀರಿ. ಸರ್ಕಾರ ಎರಡು ಸಂಬಳ ಕೊಡ್ತಿದೆ."

ಮುಂದಿನ ಶನಿವಾರದ ಮಾದರಿ ಪಾಠ ನನ್ನದು. ಇನ್ಸ್‌ಪೆಕ್ಟರಮ್ಮನ ಎದುರಿಗೆ ನನ್ನ ಬಾಯಿ ಬಿದ್ದುಹೋದರೆ ನಾನು ಕೋಟೆಯ ಆ ಕಡೆಯ ಪ್ರೈಮರಿ ಶಾಲೆಗೆ. ಅಕ್ಕ ಪರೀಕ್ಷೆಯಲ್ಲಿ ಉತ್ತೀರ್ಣರಾಗದಿದ್ದರೆ ಹೊಲಿಗೆ ಕ್ಲಾಸಿಗೆ. ಇದು ಗೊತ್ತಾದ ಸಂಜೆ ನಾವು ಇಂಗ್ಲಿಷ್ ಮಾತಾಡಲಿಲ್ಲ. ಗಡಿಯಾರದ ಕಟ್ಟೆಯ ಮೇಲೆ ಕೂತೆವು.

"ನಾನು ಹೊಲಿಗೆ ಕ್ಲಾಸ್ಗೆ ಹೋದ್ರೆ ಸೂಜೀನೂ ಇಂಗ್ಲಿಷ್ನಲ್ಲೇ ಪೋಣಿಸ್ತೀನಿ ಬುಡು. ನಿನ್ನ ಆ ಕಡೆ ಕಳಿಸಿದ್ರೆ ಯಾರ್ನ ತಟ್ಲಿ ಹೇಳು" ಎಂದರು.

"ಇಬ್ರೂ ಇಲ್ಲೇ ಇರ್ಬೇಕು ಅಕ್ಕ."

"ಇರ್ಬೇಕು. ಅಷ್ಟೇ ನಂಗೂ ಬೇಕಾಗಿರಾದು."

ಆ ದಿನ ನಮ್ಮಿಬ್ಬರಿಗೆ ಬೇಕಾಗಿದ್ದುದು ಅಷ್ಟೇ. ಆ ಸುಣ್ಣದ ತಡಿಕೆಯ ಆಚೆ ಒಬ್ಬರು, ಈಚೆ ಒಬ್ಬರು.

ಮಾದರಿ ಪಾಠಕ್ಕೆ ಏನು ವಸ್ತು ತೋರಿಸುವುದು ಎಂದು ಯೋಚಿಸಿ ಅಪ್ಪನ ತಕ್ಕಡಿ ಕೇಳಿದೆ. ಭಾರ, ಹಗುರ, ಇದು ಅದಕ್ಕಿಂತ ಭಾರ ಎಂಬ ಪಾಠ. ಅಪ್ಪ ಹಿತ್ತಾಳೆಯ ತಕ್ಕಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ಒಂದು ಬುಟ್ಟಿ ಅಚ್ಚುಬೆಲ್ಲದ ಜೊತೆ ತಾವೇ ಹೊತ್ತು ತಂದರು. ತಂದು ಇಟ್ಟು ಜಗಲಿಯ ಕಂಬದ ಹಿಂದೆ ನಿಂತರು. ಈ ಸಲವೂ ಯಾರೂ ತಡೆದಿರಲಿಲ್ಲ. ಹೊರಡುವಾಗಲೇ ಅಕ್ಕ ಹೇಳಿದ್ದರು, "ಅಲ್ಲಿ ನಾನು ತಟ್ಟಲ್ಲ ಕಣಮ್ಮ. ಸೆರಗಿನೊಳಗೆ ಕೈ ಕಟ್ಕೊಂಡು ಕೂರ್ತೀನಿ. ನೀನೇ ತೂಗ್ಕೋ."

ಇನ್ಸ್‌ಪೆಕ್ಟರಮ್ಮ ಮದರಾಸಿನ ಕಡೆಯವರು, ತೆಳ್ಳಗೆ, ಕನ್ನಡಕದ ಮೇಲಿಂದ ನೋಡುವವರು. ಕುರ್ಚಿಗಳೆಲ್ಲ ತುಂಬಿದ್ದವು. ನಾನು ತಕ್ಕಡಿ ಎತ್ತಿ, ಒಂದು ತಟ್ಟೆಗೆ ಬೆಲ್ಲದಚ್ಚು ಹಾಕಿ, ಮೊದಲ ವಾಕ್ಯ ಹೇಳಿದೆ. ಹೇಳಿ ನಿಂತೆ. ಬಲಗಡೆಗೆ ನೋಡಿದೆ. ಅಲ್ಲಿ ತಡಿಕೆ ಇರಲಿಲ್ಲ, ದೊಡ್ಡ ಕಿಟಕಿ, ಅದರಾಚೆ ಮರ. ನಾನು ನಿಂತದ್ದು ಅಭ್ಯಾಸಬಲದಿಂದ. ಹುಡುಗಿಯರಿಗೂ ಅದೇ ಅಭ್ಯಾಸ, ಅವರೂ ಉಸಿರು ಬಿಗಿಹಿಡಿದು ನಿಂತರು. ಸದ್ದಿಲ್ಲ. ಸರಿ ಎಂದುಕೊಂಡು ಅವರೆಲ್ಲ ಒಟ್ಟಿಗೆ ವಾಕ್ಯವನ್ನು ತಿರುಗಿ ಹೇಳಿದರು. ಎರಡನೆಯ ವಾಕ್ಯಕ್ಕೂ ಹಾಗೇ ಆಯಿತು, ಆಮೇಲೆ ಎಲ್ಲಕ್ಕೂ. ಹೇಳುವುದು, ನಿಲ್ಲುವುದು, ಕಿಟಕಿಯ ಕಡೆ ನೋಡುವುದು. ಬಾಯಿ ಮಾತ್ರ ನಿಲ್ಲಲಿಲ್ಲ. ಕೊನೆಗೆ ಒಬ್ಬಳು ಹುಡುಗಿ ತಾನೇ ಬಂದು ಎರಡೂ ತಟ್ಟೆಗಳನ್ನು ಸಮ ಮಾಡಿ, ನಾನು ಹೇಳಿಕೊಡದ ವಾಕ್ಯವೊಂದನ್ನು ತನ್ನಷ್ಟಕ್ಕೇ ಇಂಗ್ಲಿಷಿನಲ್ಲಿ ಹೇಳಿದಳು.

ಪಾಠ ಮುಗಿಯಿತು. ಇನ್ಸ್‌ಪೆಕ್ಟರಮ್ಮ ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಿದರು: ಪ್ರತಿ ವಾಕ್ಯದ ಮೇಲೂ ನೀವು ನಿಲ್ಲುತ್ತೀರಿ, ಆ ಹೊತ್ತಿನಲ್ಲಿ ಮಗು ಯೋಚಿಸುತ್ತದೆ, ನಾನು ನೋಡಿದ ಯಾವ ಶಾಲೆಯಲ್ಲೂ ಉಪಾಧ್ಯಾಯರು ಹೀಗೆ ಕಾಯುವುದನ್ನು ಕಂಡಿಲ್ಲ, ಈ ಕ್ರಮವನ್ನು ಎಲ್ಲಿ ಕಲಿತಿರಿ? ಮುಂದಿನ ಕುರ್ಚಿಯ ಮೇಷ್ಟ್ರುಗಳು ಪೆನ್ಸಿಲು ತೆಗೆದು ಬರೆದುಕೊಳ್ಳಲು ಶುರು ಮಾಡಿದ್ದರು.

ನಾನು ನಿಜ ಹೇಳಿದೆ. ಅದು ಕ್ರಮವಲ್ಲ, ತಡಿಕೆ ತಟ್ಟುವುದನ್ನು ಕಾಯುವ ಅಭ್ಯಾಸ ಎಂದು ನನಗೆ ಬಂದ ಇಂಗ್ಲಿಷಿನಲ್ಲೇ ಹೇಳಿದೆ. ನನ್ನ ಬಾಯಿ ತೆರೆಸಿದವರು ಅವರು ಎಂದು ಹಿಂದಿನ ಬೆಂಚಿನ ಕಡೆ ಬೆರಳು ತೋರಿಸಿದೆ. ಅಕ್ಕ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು. ಸಭೆಯಲ್ಲಿ ನಗು ಎದ್ದಿತು. ಯಾರೋ ಗಂಡಸರು, "ತಪ್ಪು ಕಂಡುಹಿಡಿಯೋರು ಬಂದು ಪಾಠ ಮಾಡ್ಬೇಕು, ಸಭೆ ಕಟ್ಟಳೆ" ಎಂದು ತಮಾಷೆಗೆ ಕೂಗಿದರು.

ಅಕ್ಕ ಎದ್ದು ಬಂದರು. ನನ್ನ ಕೈಯಿಂದ ತಕ್ಕಡಿ ತೆಗೆದುಕೊಳ್ಳುತ್ತಾ ಮೆಲ್ಲಗೆ, "ಇದ್ಯಾಕಮ್ಮ ಬೇಕಿತ್ತು ನಿಂಗೆ" ಎಂದರು. ಆಮೇಲೆ ಹುಡುಗಿಯರ ಕಡೆ ತಿರುಗಿ ಪಾಠ ಶುರು ಮಾಡಿದರು. ಅವರು ಪಾಠ ಮಾಡುವುದನ್ನು ನಾನು ಅಷ್ಟು ದಿನ ಕೇಳಿದ್ದೆ, ಕಣ್ಣಲ್ಲಿ ನೋಡಿದ್ದು ಅದೇ ಮೊದಲು. ಬೆಲ್ಲದಚ್ಚು ಒಬ್ಬಳ ಕೈಗೆ, ಅವಳಿಂದ ಇನ್ನೊಬ್ಬಳ ಕೈಗೆ. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ, ಮಾತಿನ ಯಾವ ತುಂಡು ಭಾರ, ಯಾವುದು ಹಗುರ ಎಂದು ಕೈಯಲ್ಲೇ ತೂಗಿ ತೋರಿಸುತ್ತಾ ಹೋದರು. ಹುಡುಗಿಯರು ನಕ್ಕರು, ಬೆಲ್ಲ ನೆಕ್ಕಿದರು, ಇಂಗ್ಲಿಷ್ ಮಾತಾಡಿದರು. ನಗುತ್ತಿದ್ದ ಕುರ್ಚಿಗಳು ಮುಂದಕ್ಕೆ ಬಾಗಿದವು. ಒಂದು ವಾಕ್ಯ ಹೇಳಿ ಅವರು ನಿಂತು ಎಡಗಡೆಗೆ ನೋಡಿದರು. ನಾನು ಅಲ್ಲೇ ನಿಂತಿದ್ದೆ. ನಾನು ತಟ್ಟಲಿಲ್ಲ, ತಟ್ಟುವಂಥದ್ದೇನೂ ಇರಲಿಲ್ಲ.

ಜಗಲಿಯಲ್ಲಿ ಅಪ್ಪ ತಕ್ಕಡಿ ವಾಪಸು ತೆಗೆದುಕೊಳ್ಳುವಾಗ, "ಆವಮ್ಮ ಯಾರವ್ವ? ನಮ್ ಅಂಗಡೀಲಿ ಕೂರಿಸಿದ್ರೆ ಬೆಲ್ಲ ಉಳಿಯಲ್ಲ" ಎಂದರು.

ಆ ದಿನ ನಾವಿಬ್ಬರೂ ಗೆದ್ದೆವು ಎಂದುಕೊಂಡು ಗಡಿಯಾರದವರೆಗೆ ಹಾರಿಕೊಂಡು ಬಂದೆವು. ಇನ್ನು ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ ಎಂದುಕೊಂಡೆವು.

ನನ್ನನ್ನು ಕಳಿಸಲಿಲ್ಲ. ಪದವಿ ಇತ್ತು, ಬಾಯೂ ಬಂದಿತ್ತು. ಕೆಲವು ವಾರ ಕಳೆದ ಮೇಲೆ ಅಕ್ಕನಿಗೆ ಆಜ್ಞೆ ಬಂತು. ಅರಸೀಕೆರೆಯಿಂದಾಚೆಯ ಊರೊಂದರಲ್ಲಿ ಹೆಂಗಸರ ಟ್ರೈನಿಂಗ್ ಸ್ಕೂಲು. ಅಲ್ಲಿ ಉಪಾಧ್ಯಾಯಿನಿಯರಿಗೆ ಇಂಗ್ಲಿಷ್ ಪಾಠದ ಕ್ರಮ ಕಲಿಸಲು ಇಂಥವರೇ ಬೇಕೆಂದು ಇನ್ಸ್‌ಪೆಕ್ಟರಮ್ಮ ಬರೆದಿದ್ದರು. ಪರೀಕ್ಷೆಯೂ ಬೇಕಿಲ್ಲ. ಹೊಲಿಗೆ ಕ್ಲಾಸಿಗೆ ಇಳಿಸುವುದಕ್ಕಿಂತ ಎಷ್ಟೋ ದೊಡ್ಡ ಗೌರವ. ಹೆಡ್‌ಮಿಸ್ಟ್ರೆಸ್ಸೇ ಎದ್ದು ನಿಂತು ಅವರ ಕೈ ಹಿಡಿದುಕೊಂಡರು.

ಜಗಲಿಯಲ್ಲಿ ಅಕ್ಕ ಆ ಕಾಗದವನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು.

"ಬೆರಳು ತೋರಿಸ್ಬುಟ್ಟಲ್ಲೇ, ತಾಯಿ" ಎಂದರು.

"ಬೇಡ ಅಂದ್ಬುಡಿ ಅಕ್ಕ."

"ಅಂದ್ರೆ ಹೊಲಿಗೆ ಕ್ಲಾಸು. ಮನೇಲಿ ಅಮ್ಮ ಇದ್ದಾಳೆ, ತಂಗೀದು ಮದುವೆಯಾಗ್ಬೇಕು. ಅದೂ ಅಲ್ದೆ…" ಎಂದು ನಿಲ್ಲಿಸಿ, "ನಂಗೆ ಆಸೇನೂ ಆಯ್ತದೆ ಕಣೆ. ಸುಳ್ಳ್ಯಾಕೆ ಹೇಳ್ಲಿ. ನನ್ನ ಯಾರೂ ಇಂಗೆ ಕರೆದಿರ್ಲಿಲ್ಲ" ಎಂದರು.

ಯಾರೂ ಕರೆಯದಿರುವುದೆಂದರೆ ಏನೆಂದು, ಹೇಳಿಕಳಿಸುತ್ತೇವೆ ಎಂದು ಹೋದವರನ್ನು ಕಂಡ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಬೆರಳು ತೋರಿಸಿದ್ದು ತಪ್ಪೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಮತ್ತೆ ಅದೇ ಸಭೆಯಲ್ಲಿ ನಿಲ್ಲಿಸಿ ಕೇಳಿದರೆ ಮತ್ತೆ ಅವರನ್ನೇ ತೋರಿಸುತ್ತೇನೆ. ಆದರೆ ಅವರು ಹೋಗಬೇಕಾಗಿ ಬಂದದ್ದು ಅದರಿಂದಲೇ, ಇದೂ ನಿಜ.

ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಅವರ ತಾಯಿ ಪೆಟ್ಟಿಗೆಯ ಮೇಲೆ ಕೂತು ಜಪಮಾಲೆ ತಿರುಗಿಸುತ್ತಿದ್ದರು. ಅಕ್ಕ ಗಾಡಿಯೊಳಗಿಂದ ಕಿಟಕಿಗೆ ಬಗ್ಗಿ, ಕ್ರಿಸ್ತ ಜಯಂತಿಗೆ ಬಂದೇ ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ, ನಿಂತು, ನನ್ನ ಮುಖ ನೋಡಿದರು. ನಾನು ಬರೆಸಿ ಬರೆಸಿ ಕಲಿಸಿದ್ದ ಭವಿಷ್ಯತ್ಕಾಲ, ಒಂದು ಕೂದಲು ಅತ್ತಿತ್ತ ಆಗದ ಹಾಗೆ ಹೇಳಿದ್ದರು. ಕಿಟಕಿಯ ಮರವನ್ನು ತಟ್ಟೋಣವೆಂದು ಕೈ ಎತ್ತಿದೆ. ತಟ್ಟಲು ಕಾರಣವಿರಲಿಲ್ಲ. ಗಾಡಿ ಹೊರಟಿತು.

ಒಂದು ಕ್ರಿಸ್ತ ಜಯಂತಿಗೆ ಬಂದರು. ಗಡಿಯಾರದವರೆಗೆ ನಡೆದೆವು, ಆದರೆ ಜೊತೆಗೆ ತಂಗಿಯ ಗಂಡನ ಕಡೆಯವರಿದ್ದರು, ಇಂಗ್ಲಿಷ್ ಆಡುವ ಹಾಗಿರಲಿಲ್ಲ. ಆಮೇಲೆ ತಾಯಿಯನ್ನೂ ಅಲ್ಲಿಗೇ ಕರೆಸಿಕೊಂಡರು. ಮುಂದೆ ಬೇರೆ ಊರು, ಬೇರೆ ಟ್ರೈನಿಂಗ್ ಸ್ಕೂಲು. ಬರೆಯುವುದೆಂದರೆ ಅವರಿಗೆ ಮೊದಲಿನಿಂದ ಬೇಜಾರು. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು, ತಪ್ಪುಗಳನ್ನು ತಿದ್ದಿಕೋ ಎಂಬ ಒಂದು ಸಾಲಿನೊಂದಿಗೆ. ಆಮೇಲೆ ಅದೂ ನಿಂತಿತು. ಚರ್ಚಿನ ಹೊಸ ಗೋಪುರಗಳು ಏಳುವಾಗ ನೋಡಲು ಬರುತ್ತಾರೆಂದು ಅವರ ಬೀದಿಯವರು ಹೇಳಿದ್ದನ್ನು ಕೇಳಿ, ಆ ಕಡೆ ಕೆಲಸವಿಲ್ಲದಿದ್ದರೂ ಹಲವು ಸಂಜೆ ಆ ರಸ್ತೆಯಲ್ಲಿ ಹೋದೆ. ಗೋಪುರಗಳು ಎದ್ದವು.

ಅಪ್ಪ ಹೋದರು. ತಕ್ಕಡಿ ನನ್ನ ಹತ್ತಿರವಿದೆ. ಮಾದರಿ ಪಾಠ ಈಗ ಬೇರೆಯವರು ಮಾಡುತ್ತಾರೆ, ನಾನು ಕುರ್ಚಿಯಲ್ಲಿ ಕೂರುತ್ತೇನೆ. ಆವತ್ತು ಪೆನ್ಸಿಲು ತೆಗೆದ ಮೇಷ್ಟ್ರುಗಳು, ಅವರ ಶಿಷ್ಯರು, ಎಲ್ಲರೂ ವಾಕ್ಯ ಹೇಳಿ ನಿಲ್ಲುತ್ತಾರೆ. ಕೆಲವರು ಅದಕ್ಕೊಂದು ದೊಡ್ಡ ಹೆಸರನ್ನೂ ಇಟ್ಟಿದ್ದಾರೆ. ನಾನೂ ನಿಲ್ಲುತ್ತೇನೆ. ಇಟ್ಟಿಗೆ ಗೋಡೆ ತಟ್ಟಿದರೂ ಕೇಳುವುದಿಲ್ಲ ಎಂದು ಗೊತ್ತಿದ್ದೂ ನಿಲ್ಲುತ್ತೇನೆ. ಸದ್ದಿಲ್ಲದಿದ್ದರೆ ಸರಿ ಎಂಬುದು ನಮ್ಮ ಕಟ್ಟಳೆ. ಆ ಲೆಕ್ಕದಲ್ಲಿ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಸರಿ. ಒಂದೇ ಒಂದು ತಪ್ಪು ಆಗಬಾರದೇ ಅನ್ನಿಸುತ್ತದೆ.

ಈ ವರ್ಷ ಪಕ್ಕದ ಕ್ಲಾಸಿಗೆ ಹೊಸದಾಗಿ ಒಬ್ಬ ಹುಡುಗಿ ಟೀಚರಾಗಿ ಬಂದಿದ್ದಾಳೆ. ಬಯಲುಸೀಮೆಯ ಕಡೆಯವಳು, ಅಲ್ಲೇ ಟ್ರೈನಿಂಗ್ ಆದವಳು. ಮೊನ್ನೆ ಅವಳ ಪಾಠ ನೋಡಲು ಹಿಂದಿನ ಬೆಂಚಿನಲ್ಲಿ ಕೂತೆ. ಚೆನ್ನಾಗಿ ಮಾಡಿದಳು. ಬಾಯಿ ಇದೆ, ವ್ಯಾಕರಣವೂ ಇದೆ. ಪ್ರತಿ ವಾಕ್ಯದ ಮೇಲೂ ನಿಂತಳು. ನಿಂತು, ತಲೆಯನ್ನು ಒಂದಿಷ್ಟು ವಾಲಿಸಿ, ಗೋಡೆಯ ಕಡೆ ನೋಡಿ, ಆಮೇಲೆ ಹುಡುಗಿಯರಿಂದ ಹೇಳಿಸಿದಳು.

ಪಾಠ ಮುಗಿದ ಮೇಲೆ ಕೇಳಿದೆ, "ನಿಲ್ಲೋದು ಸರಿಯಮ್ಮ. ಗೋಡೆ ಯಾಕೆ ನೋಡ್ತೀಯ?"

ಅವಳಿಗೆ ನಾಚಿಕೆಯಾಯಿತು. "ತಪ್ಪೇನ್ರೀ ಮೇಡಂ? ನಮ್ಗೆ ಹಂಗೇ ಕಲಿಸಿದ್ದು. ನಮ್ ಟ್ರೈನಿಂಗ್ ಸ್ಕೂಲಲ್ಲಿ ಇಂಗ್ಲಿಷ್ ಹೇಳ್ತಿದ್ದ ಅಮ್ಮಾವ್ರು ಒಂದು ವಾಕ್ಯ ಹೇಳಿ, ನಿಂತು, ಗೋಡೆ ಕಡೆ ನೋಡೋರು. ಏನಕ್ಕೆ ಅಂತ ಹೇಳ್ತಿರ್ಲಿಲ್ಲ. ಅದೂ ಪಾಠದ ಕ್ರಮ ಅಂತ ನಾವೆಲ್ಲಾ ಬರ್ಕೊಂಡ್ವಿ. ನಮ್ ಬ್ಯಾಚ್ನೋರೆಲ್ಲಾ ನೋಡ್ತೀವಿ."

"ಯಾವ ಗೋಡೆ?" ಎಂದೆ.

"ಎಡಗಡೇದು" ಎಂದಳು.